ರಸ್ತೆಯ ಋಣ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಹೇರೆತ್ತು ಹೊಡೆದುಕೊಂಡು ಸಂತೆಗೆ ಹೊರಟವನು ಸುಂಕದ ಕಟ್ಟೆಯ ಮುಂದೆ ನಿಂತು, ಈ ವರ್ಷ ಮಳೆಯಾಗಲಿಲ್ಲ, ಮನೆಯಲ್ಲಿ ಕಾಯಿಲೆ ಎಂದು ಹೇಳುತ್ತಾನೆ. ಕಟ್ಟೆಯ ಮೇಲೆ ಕೂತವನು ಹೇರು ಎಣಿಸುತ್ತಾನೆ. ಆ ಮಾತಿಗೂ ಈ ಎಣಿಕೆಗೂ ಸಂಬಂಧವೇ ಇಲ್ಲ. ಸುಂಕದ ವಿಷಯದಲ್ಲಿ ಕೊಡುವವನ ಮಾತಿಗೆ ಬೆಲೆಯಿಲ್ಲ ಎಂಬುದು ನಮ್ಮ ಹಿರಿಯರಿಗೆ ಎಷ್ಟು ಸಹಜವಾಗಿತ್ತೆಂದರೆ, ಲೋಕದ ಬೇರೆಲ್ಲ ವ್ಯರ್ಥ ಮಾತುಗಳಿಗೂ ಅದನ್ನೇ ಉಪಮೆಯಾಗಿ ಬಳಸಿದರು.

2005ರ ನವೆಂಬರ್ 8ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಈ ಗಾದೆ ತಿರುಗುಮುರುಗಾಯಿತು. ವಾಷಿಂಗ್ಟನ್ ಎಂದರೆ ರಾಜಧಾನಿಯಲ್ಲ, ಸಿಯಾಟಲ್ ನಗರವಿರುವ ವಾಯವ್ಯ ಮೂಲೆಯ ರಾಜ್ಯ. ನಾನು ನೆಲೆಸಿರುವ ಊರು ಅಲ್ಲೇ ಇದೆ. ಗ್ಯಾಲನ್ ಪೆಟ್ರೋಲಿಗೆ ಒಂಬತ್ತೂವರೆ ಸೆಂಟ್ ಹೆಚ್ಚಿನ ತೆರಿಗೆ ಇರಬೇಕೇ ಬೇಡವೇ ಎಂದು ಅಂದು ತೆರಿಗೆ ಕೊಡುವವರನ್ನೇ ಕೇಳಲಾಯಿತು. ಬೇಡ ಎನ್ನಲು ಬೇಕಾದಷ್ಟು ಕಾರಣಗಳಿದ್ದ ಹೊತ್ತಿನಲ್ಲಿ ಹೆಚ್ಚಿನವರು ಇರಲಿ ಎಂದರು. ಇಷ್ಟು ವರ್ಷ ಕಳೆದ ಮೇಲೂ ಆ ಉತ್ತರ ನನ್ನನ್ನು ಯೋಚನೆಗೆ ಹಚ್ಚುತ್ತದೆ. ತನ್ನ ಜೇಬಿನಿಂದ ಹೋಗುವ ಹಣಕ್ಕೆ ಮನುಷ್ಯ ತಾನೇ ಹೌದೆನ್ನುವುದು ಯಾವಾಗ? ಹಾಗೆ ಹೌದೆಂದವನಿಗೆ, ಇಲ್ಲವೆಂದ ನೆರೆಯವನ ಜೇಬಿಗೂ ಕೈಹಾಕುವ ಹಕ್ಕು ಎಲ್ಲಿಂದ ಬರುತ್ತದೆ?

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಇಲ್ಲಿಯ ಪೆಟ್ರೋಲ್ ತೆರಿಗೆ 1991ರಿಂದ ಗ್ಯಾಲನ್ನಿಗೆ 23 ಸೆಂಟ್ ಇತ್ತು. 2002ರ ನವೆಂಬರಿನಲ್ಲಿ ಅದನ್ನು 9 ಸೆಂಟ್ ಏರಿಸುವ ಪ್ರಸ್ತಾಪವನ್ನು ಶಾಸನಸಭೆ ತಾನಾಗಿಯೇ ಜನರ ಮುಂದಿಟ್ಟಿತು. ರೆಫರೆಂಡಮ್ 51 ಎಂದು ಅದರ ಹೆಸರು. ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಆಗದು ಎಂದರು. ಮರುವರ್ಷ ಶಾಸನಸಭೆ ಜನರನ್ನು ಕೇಳದೆಯೇ 5 ಸೆಂಟ್ ಏರಿಸಿತು. 2005ರಲ್ಲಿ ಮತ್ತೆ ಒಂಬತ್ತೂವರೆ ಸೆಂಟ್. ಮೊದಲ ಎರಡು ವರ್ಷ ಮೂರು ಮೂರು, ಮೂರನೆಯ ವರ್ಷ ಎರಡು, ನಾಲ್ಕನೆಯ ವರ್ಷ ಒಂದೂವರೆ, ಹೀಗೆ ನಾಲ್ಕು ಕಂತಿನಲ್ಲಿ. ಇದರಿಂದಲೂ ಕೆಲವು ವಾಹನ ಶುಲ್ಕಗಳಿಂದಲೂ ಹದಿನಾರು ವರ್ಷಗಳಲ್ಲಿ ಸುಮಾರು 850 ಕೋಟಿ ಡಾಲರಿನ ರಸ್ತೆ, ಸೇತುವೆ ಕೆಲಸ ಆಗಬೇಕಿತ್ತು. ಇದಕ್ಕೆ ಸಹಿ ಹಾಕಿದ ಗವರ್ನರ್ ಕ್ರಿಸ್ಟೀನ್ ಗ್ರೆಗ್ವಾರ್ ಹಿಂದಿನ ಚುನಾವಣೆಯಲ್ಲಿ, ಮೂರು ಸಲ ಎಣಿಕೆಯಾದ ಮೇಲೆ, ನೂರಮೂವತ್ತರ ಆಸುಪಾಸಿನ ಮತಗಳಿಂದ ಗೆದ್ದವರು. ಅವರ ಗೆಲುವನ್ನೇ ಒಪ್ಪದ ಜನ ರಾಜ್ಯದ ತುಂಬ ಇದ್ದರು.

ಶಾಸನಸಭೆ ಮಾಡಿದ್ದನ್ನು ಜನ ಸಹಿ ಕೂಡಿಸಿ ಮತದಾನಕ್ಕೆ ಎಳೆಯುವ ಅವಕಾಶ ಈ ರಾಜ್ಯದ ಸಂವಿಧಾನದಲ್ಲಿದೆ. ರೇಡಿಯೋದಲ್ಲಿ ದಿನವೂ ಮಾತನಾಡುವ ನಿರೂಪಕರು ಕರೆ ಕೊಟ್ಟರು. ಕೆಲವೇ ವಾರಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಬೇಕಿದ್ದದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಏರಿಕೆಯನ್ನು ರದ್ದುಮಾಡುವ ಆ ಪ್ರಸ್ತಾಪ ಇನಿಶಿಯೇಟಿವ್ 912. ಜುಲೈಯಲ್ಲಿ ಮೊದಲ ಮೂರು ಸೆಂಟ್ ಜಾರಿಗೆ ಬಂತು. ಆಗಸ್ಟ್ 29ರಂದು ದೂರದ ಲೂಯಿಸಿಯಾನಾ ತೀರಕ್ಕೆ ಕತ್ರಿನಾ ಚಂಡಮಾರುತ ಬಡಿಯಿತು. ಅಲ್ಲಿಯ ತೈಲ ಶುದ್ಧೀಕರಣ ಘಟಕಗಳು ನಿಂತವು. ದೇಶದಲ್ಲೆಲ್ಲ ಪೆಟ್ರೋಲ್ ಗ್ಯಾಲನ್ನಿಗೆ 3 ಡಾಲರ್ ಗಡಿ ದಾಟಿತು. ಇಂಥ ಹೊತ್ತಿನಲ್ಲಿ, ಮೂರು ವರ್ಷದ ಹಿಂದೆ 9 ಸೆಂಟಿಗೆ ಸಿಡಿದೆದ್ದ ಅದೇ ಜನರಲ್ಲಿ ನೂರಕ್ಕೆ ಸುಮಾರು 55 ಮಂದಿ ರದ್ದತಿಯನ್ನು ತಿರಸ್ಕರಿಸಿದರು. ತೆರಿಗೆ ಉಳಿಯಿತು.

ಏಕೆ ಹಾಗೆ ಮಾಡಿದರು ಎಂಬುದಕ್ಕೆ ಥಟ್ಟನೆ ಹೊಳೆಯುವ ಉತ್ತರ ಭಯ. ಸಿಯಾಟಲ್ ಕಡಲಂಚಿನಲ್ಲಿ ಅಲಾಸ್ಕನ್ ವೇ ಎಂಬ ಎರಡಂತಸ್ತಿನ ಮೇಲ್ಸೇತುವೆಯಿತ್ತು. 1950ರ ದಶಕದ್ದು, ದಿನಕ್ಕೆ ಲಕ್ಷದಷ್ಟು ವಾಹನ ಹೊರುತ್ತಿತ್ತು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ ಇಂಥದೇ ಎರಡಂತಸ್ತಿನ ಸೇತುವೆಯ ಮೇಲಿನ ಹಾಸು ಕೆಳಗಿನ ಹಾಸಿನ ಮೇಲೆ ಕುಸಿದು 42 ಜನ ಸತ್ತಿದ್ದರು. 2001ರ ಫೆಬ್ರವರಿ 28ರಂದು ನಮ್ಮಲ್ಲಿಯೂ 6.8 ಪ್ರಮಾಣದ ಭೂಕಂಪವಾಗಿ ಈ ಮೇಲ್ಸೇತುವೆ ಪೆಟ್ಟು ತಿಂದಿತ್ತು. ಇನ್ನು ಲೇಕ್ ವಾಷಿಂಗ್ಟನ್ ಸರೋವರದ ಮೇಲಿನ 520ನೇ ಹೆದ್ದಾರಿಯ ತೇಲುಸೇತುವೆ 1963ರದ್ದು. ಗಾಳಿ ಜೋರಾದರೆ ಅದನ್ನು ಮುಚ್ಚುತ್ತಿದ್ದರು. ಅದೇ ಸರೋವರದ ಇನ್ನೊಂದು ತೇಲುಸೇತುವೆ 1990ರ ನವೆಂಬರ್ 25ರಂದು, ದುರಸ್ತಿಯ ನಡುವೆ, ಮಳೆಗಾಳಿಗೆ ಸಿಕ್ಕಿ ಮುಳುಗಿಯೇ ಹೋದದ್ದನ್ನು ಕಂಡವರು ಊರಲ್ಲಿದ್ದರು. ತೆರಿಗೆಯ ಹಣದಲ್ಲಿ ಮೇಲ್ಸೇತುವೆಗೆ ಸುಮಾರು 200 ಕೋಟಿ ಡಾಲರ್, 520ರ ಸೇತುವೆಗೆ 50 ಕೋಟಿ ಡಾಲರ್ ತೆಗೆದಿಟ್ಟಿದ್ದರು.

ಆದರೆ ಭಯ ಪೂರ್ತಿ ಉತ್ತರವಾಗಲಾರದು. 2001ರಲ್ಲಿ ನೆಲ ನಡುಗಿದ ನೆನಪು 2002ರಲ್ಲಿ ಇನ್ನೂ ಹಸಿಯಾಗಿತ್ತು, ಆಗ ಜನ ಬೇಡ ಎಂದಿದ್ದರು. ಈ ನಡುವೆ ಏನೋ ಬದಲಾಗಿತ್ತು. ನನಗೆ ತೋರುವಂತೆ ಬದಲಾದದ್ದರಲ್ಲಿ ಲೆಕ್ಕವೂ ಒಂದು. 2003ರ ಐದು ಸೆಂಟಿನ ಕೆಲಸಗಳು ರಸ್ತೆಯ ಮೇಲೆ ಕಾಣತೊಡಗಿದ್ದವು. 2005ರ ಕಾಯ್ದೆಯ ಜೊತೆಗೆ ಇಂಥ ಊರಲ್ಲಿ ಇಂಥ ಕೆಲಸ, ಇಷ್ಟು ಹಣ ಎಂದು ಇನ್ನೂರಕ್ಕೂ ಹೆಚ್ಚು ಕೆಲಸಗಳ ಪಟ್ಟಿಯಿತ್ತು. ಅದೇ ದಿನ, ಅದೇ ಮತಪತ್ರದಲ್ಲಿ ಇನಿಶಿಯೇಟಿವ್ 900 ಎಂಬ ಇನ್ನೊಂದು ಪ್ರಸ್ತಾಪವೂ ಇತ್ತು. ಸರ್ಕಾರದ ಇಲಾಖೆಗಳು ಹಣವನ್ನು ಹೇಗೆ ಬಳಸಿದವು ಎಂದು ಕೆದಕಿ ನೋಡುವ ಅಧಿಕಾರವನ್ನು ರಾಜ್ಯದ ಲೆಕ್ಕಪರಿಶೋಧಕರಿಗೆ ಕೊಡುವ ಪ್ರಸ್ತಾಪ ಅದು. ಜನ ಅದನ್ನೂ ಗೆಲ್ಲಿಸಿದರು. ಒಂದು ಕೈಯಲ್ಲಿ ಹಣ ಕೊಟ್ಟು ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ ಕೇಳಿದ ಹಾಗೆ. ಸುಂಕದ ಕಟ್ಟೆಯ ಮುಂದೆ ನಿಂತ ನಮ್ಮ ಗಾದೆಯ ರೈತನಿಗೆ ಈ ಎರಡನೆಯ ಕೈ ಇರಲಿಲ್ಲ.

ಇಲ್ಲಿಂದ ನಿಜವಾದ ಪ್ರಶ್ನೆ ಶುರುವಾಗುತ್ತದೆ. ತೆರಿಗೆ ಎಂದರೇನು? ಆ ದಿನಗಳಲ್ಲಿ ಎರಡು ಉತ್ತರಗಳು ಕೇಳಿಬರುತ್ತಿದ್ದವು.

ಒಂದು, ತೆರಿಗೆ ಎಂದರೆ ಬೆಲೆ. ರಸ್ತೆ ಬಳಸಿದವನು ಕೊಡಲಿ, ಹೆಚ್ಚು ಬಳಸಿದವನು ಹೆಚ್ಚು ಕೊಡಲಿ. ಪೆಟ್ರೋಲ್ ತೆರಿಗೆ ಹುಟ್ಟಿದ್ದೇ ಈ ಯೋಚನೆಯಿಂದ. ಪಕ್ಕದ ಆರೆಗನ್ ರಾಜ್ಯ 1919ರಲ್ಲಿ ದೇಶದಲ್ಲೇ ಮೊದಲಿಗೆ ಗ್ಯಾಲನ್ನಿಗೆ ಒಂದು ಸೆಂಟ್ ಹಾಕಿತು. 1921ರಲ್ಲಿ ವಾಷಿಂಗ್ಟನ್ ಕೂಡ ಒಂದು ಸೆಂಟ್ ಹಾಕಿತು. 1944ರಲ್ಲಿ ಈ ಹಣ ಹೆದ್ದಾರಿಗಳಿಗಲ್ಲದೆ ಬೇರೆಲ್ಲಿಗೂ ಹೋಗಕೂಡದೆಂದು ಸಂವಿಧಾನಕ್ಕೆ ತಿದ್ದುಪಡಿಯನ್ನೂ ತಂದರು. ಕೇಳಲು ನ್ಯಾಯವಾಗಿದೆ. ಆದರೆ ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವಕ್ಕಿರುವ ಸೇಬಿನ ತೋಟದ ಮಾಲೀಕ ವರ್ಷದಲ್ಲಿ ಒಮ್ಮೆಯೂ ಸಿಯಾಟಲ್ ಮೇಲ್ಸೇತುವೆ ಹತ್ತುವುದಿಲ್ಲ. ಊರುಗಳು ದೂರ ದೂರ ಇರುವುದರಿಂದ ಅವನು ಹೆಚ್ಚು ಪೆಟ್ರೋಲ್ ಸುಡುತ್ತಾನೆ, ಹೆಚ್ಚು ತೆರಿಗೆ ಕೊಡುತ್ತಾನೆ. ಅವನು ಕೊಂಡದ್ದು ಯಾವ ಸರಕು? ಬೆಟ್ಟದಾಚೆಯ ಹಲವು ಕೌಂಟಿಗಳಲ್ಲಿ ರದ್ದತಿಗೇ ಬಹುಮತ ಬಂದದ್ದು ಸುಮ್ಮನೆ ಅಲ್ಲ. ಬೆಲೆಯ ಲೆಕ್ಕ ಹಿಡಿದರೆ ಅವರ ಸಿಟ್ಟು ಸರಿಯಾದ ಸಿಟ್ಟೇ.

ಇನ್ನೊಂದು ಉತ್ತರ, ತೆರಿಗೆ ಎಂದರೆ ಕಿತ್ತುಕೊಳ್ಳುವುದು. ಇದನ್ನು ಬರೀ ಜಿಪುಣರ ಮಾತು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರಿಗೆ 480 ಗ್ಯಾಲನ್ ಬೇಕು. ಒಂಬತ್ತೂವರೆ ಸೆಂಟಿನಂತೆ ವರ್ಷಕ್ಕೆ 45 ಡಾಲರ್ 60 ಸೆಂಟ್. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ನನ್ನಂಥವನಿಗೆ ಅದೊಂದು ರಾತ್ರಿಯ ಹೋಟೆಲ್ ಊಟ. ಸಿಯಾಟಲ್ ಬಾಡಿಗೆ ಕೊಡಲಾಗದೆ ಐವತ್ತು ಮೈಲಿ ಆಚೆ ಮನೆ ಮಾಡಿ, ಹಳೆಯ ಕಾರಿನಲ್ಲಿ ದಿನವೂ ಬಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳಿಗೆ ಅದು ಎರಡು ಮೂರು ಪಟ್ಟಾಗುತ್ತದೆ, ಅವಳ ಸಂಬಳವೋ ನನ್ನದರ ಒಂದು ಚೂರು. ಈ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯಿಲ್ಲ. ಕೊಳ್ಳುವ ವಸ್ತುವಿನ ಮೇಲಿನ ತೆರಿಗೆಗಳೇ ಹೆಚ್ಚು ಹೊರೆ ಹೊರುತ್ತವೆ, ಅದರ ಭಾರ ಬಡವರ ಮೇಲೆ ಹೆಚ್ಚು. 520ರ ಸೇತುವೆಯನ್ನು ದಿನಕ್ಕೆರಡು ಸಲ ದಾಟುವ ನನ್ನ ಸುರಕ್ಷತೆಗೆ ಅವಳು ತನ್ನ ಪಾಲಿಗಿಂತ ಹೆಚ್ಚು ಕೊಡುತ್ತಾಳೆ. ಆ ಬಹುಮತದಲ್ಲಿ ಅನ್ಯಾಯದ ಒಂದು ಎಳೆ ಇತ್ತೆಂಬುದನ್ನು ಮುಚ್ಚಿಡಬಾರದು.

ತೆರಿಗೆಯ ಮೇಲೆ ಇಷ್ಟು ಸಿಟ್ಟಾಗುವ ಜನ ಕತ್ರಿನಾದ ನಂತರ ಏರಿದ ಬೆಲೆಯ ಮೇಲೆ ಏಕೆ ಸಿಟ್ಟಾಗಲಿಲ್ಲ ಎಂದು ಅನೇಕರು ನಗುತ್ತಿದ್ದರು. ಆ ಏರಿಕೆ ಒಂಬತ್ತೂವರೆ ಸೆಂಟಿನ ಹಲವು ಪಟ್ಟು, ಅದರಿಂದ ಒಂದು ಇಟ್ಟಿಗೆಯೂ ರಸ್ತೆಗೆ ಬೀಳಲಿಲ್ಲ. ನನಗೆ ಇದರಲ್ಲಿ ನಗುವಂಥದು ಕಾಣುವುದಿಲ್ಲ. ಮಾರುಕಟ್ಟೆಯ ಬೆಲೆ ನಮಗೆ ಮಳೆಬಿಸಿಲಿನಂತೆ ಬರುತ್ತದೆ, ಯಾರನ್ನು ಕೇಳುವುದು? ತೆರಿಗೆಯ ಹಿಂದೆ ಕೈಯೆತ್ತಿ ತೀರ್ಮಾನಿಸಿದ ಮನುಷ್ಯರಿದ್ದಾರೆ. ಮನುಷ್ಯ ಮಾಡಿದ್ದಕ್ಕೆ ಮನುಷ್ಯನೇ ಕಾರಣ ಹೇಳಬೇಕು ಎಂದು ಬಯಸುವುದು ತಪ್ಪಲ್ಲ. ತೆರಿಗೆಯ ಮೇಲಿನ ಸಿಟ್ಟಿನಲ್ಲಿ ಒಂದು ಗೌರವವೂ ಅಡಗಿದೆ: ಅಲ್ಲಿ ಉತ್ತರ ಹೇಳುವವರು ಇದ್ದಾರೆ ಎಂಬ ನಂಬಿಕೆ.

ಬೆಲೆಯೂ ಅಲ್ಲ, ಸುಲಿಗೆಯೂ ಅಲ್ಲ ಎಂದರೆ ಮತ್ತೇನು? ಇಲ್ಲಿ ನನ್ನ ನೆರವಿಗೆ ಬರುವುದು ನಮ್ಮ ಭಾಷೆ. ತೆರಿಗೆ ಎಂಬ ಮಾತು ತೆರು ಎಂಬುದರಿಂದ ಬಂದದ್ದು. ಬೆಲೆ ತೆರುತ್ತೇವೆ, ದಂಡವನ್ನೂ ತೆರುತ್ತೇವೆ. ಮೇಲಿನ ಎರಡು ಉತ್ತರಗಳೂ ಆ ಒಂದು ಧಾತುವಿನಲ್ಲೇ ಇವೆ. ಆದರೆ ಹಳೆಯ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಇನ್ನೊಂದು ಮಾತು ಸಿಗುತ್ತದೆ. ಕೆರೆಯ ಪಾಲನೆಗೆಂದು ತೆಗೆದಿಟ್ಟ ಭೂಮಿ ಅಥವಾ ಅದರ ಹುಟ್ಟುವಳಿ ಅದು. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಮುಂದೆ ವರ್ಷ ವರ್ಷವೂ ಹೂಳೆತ್ತುವವನ, ಏರಿಯ ಬಿರುಕಿಗೆ ಮಣ್ಣು ಮೆತ್ತುವವನ ಹೆಸರು ಎಲ್ಲಿಯೂ ಇರುವುದಿಲ್ಲ. ಕಟ್ಟಿಸುವವನ ಪುಣ್ಯ ಉಳಿಯಬೇಕಾದರೆ ಹೆಸರಿಲ್ಲದವರ ಈ ಕೆಲಸ ನಿಲ್ಲಬಾರದೆಂದು ಆ ಶಾಸನ ಬರೆಸಿದವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಕೆರೆಯ ಜೊತೆಗೆ ಅದರ ಪಾಲನೆಯ ದಾರಿಯನ್ನೂ ಬರೆದಿಟ್ಟರು.

ಒಂಬತ್ತೂವರೆ ಸೆಂಟ್ ನನಗೆ ಬಿತ್ತುವಟ್ಟದಂತೆ ಕಾಣುತ್ತದೆ. 1953ರಲ್ಲಿ ಮೇಲ್ಸೇತುವೆ ತೆರೆದವರು, 1963ರಲ್ಲಿ ತೇಲುಸೇತುವೆ ತೇಲಿಸಿದವರು ನನ್ನಿಂದ ಏನೂ ಕೇಳಲಿಲ್ಲ. ಅವರಲ್ಲಿ ಹಲವರು ಈಗಿಲ್ಲ. ಅವರಿಗೆ ಹಿಂದಿರುಗಿಸಲು ನನ್ನಲ್ಲಿ ದಾರಿಯಿಲ್ಲ. ಋಣದ ವಿಚಿತ್ರವೇ ಅದು: ಕೊಟ್ಟವನಿಗೆ ತೀರಿಸಲಾಗದ ಸಾಲವನ್ನು ಮುಂದೆ ಬರುವವನಿಗೆ ತೀರಿಸಬೇಕು. ಕರ್ನಾಟಕದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಯಾರು ಯಾರೋ ತೆತ್ತ ಹಣದಲ್ಲಿ ಅಗ್ಗಕ್ಕೆ ಓದಿ, ಆ ವಿದ್ಯೆಯನ್ನು ಇಲ್ಲಿ ತಂದು ಬಾಳುತ್ತಿರುವ ನನ್ನಂಥವರಿಗೆ ಈ ಮಾತು ಇನ್ನಷ್ಟು ಚುಚ್ಚುತ್ತದೆ. ಪಡೆದದ್ದು ಒಂದು ನಾಡಿನಲ್ಲಿ, ತೆರುತ್ತಿರುವುದು ಇನ್ನೊಂದರಲ್ಲಿ. ಅಲ್ಲಿಯ ಲೆಕ್ಕ ಇಲ್ಲಿ ಚುಕ್ತಾ ಆಗುವುದಿಲ್ಲ ನಿಜ. ಅದು ತೀರಲಿಲ್ಲವೆಂದು ಇಲ್ಲಿಯ ಲೆಕ್ಕವನ್ನೂ ಬಿಡುವಂತಿಲ್ಲ.

ಆದರೆ ಋಣ ಎಂಬ ಮಾತನ್ನು ಎಚ್ಚರದಿಂದ ಆಡಬೇಕು. ಅನ್ನದ ಋಣ, ಉಪ್ಪಿನ ಋಣ ಎಂದು ಹೇಳಿ ಆಳುವವರು ಎಷ್ಟೋ ಸಲ ದುಡಿಯುವವರ ಬಾಯಿ ಮುಚ್ಚಿಸಿದ್ದಾರೆ. ನಿನಗೆ ಋಣವಿದೆ, ಆದ್ದರಿಂದ ಕೇಳಬೇಡ, ಕೊಡು ಎನ್ನುವುದು ಅದರ ಹಳೆಯ ವರಸೆ. 2005ರ ಮತದಾನ ನನಗೆ ಹಿಡಿಸುವುದು ಇದಕ್ಕೇ. ಅಲ್ಲಿ ಋಣವನ್ನು ಒಪ್ಪಿಕೊಂಡವರೇ ಲೆಕ್ಕವನ್ನೂ ಕೇಳಿದರು. ಕೊಡಬೇಕಾದವನಿಗೆ ಕೇಳುವ ಹಕ್ಕು ಇಲ್ಲವೆಂದಾದರೆ ಋಣವು ಜೀತವಾಗುತ್ತದೆ.

ಹಾಗಾದರೆ ಕೇಳುವ ಹಕ್ಕೇ ಇಲ್ಲದವರ ಗತಿ? ಆ ವರ್ಷ ನನಗೆ ಮತವಿರಲಿಲ್ಲ. ಕೆಲಸದ ವೀಸಾದ ಮೇಲಿದ್ದೆ. ಸಿಯಾಟಲಿನಿಂದ ರೆಡ್ಮಂಡಿಗೆ ನಾವು ಮೂವರು ಕನ್ನಡಿಗರು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಮತದಾರರಿಗೆಂದು ರಾಜ್ಯ ಸರ್ಕಾರ ಅಚ್ಚು ಹಾಕಿಸುವ, ಎರಡೂ ಪಕ್ಷಗಳ ವಾದವಿರುವ ಪುಸ್ತಿಕೆ ಇಲ್ಲಿ ಮನೆ ಮನೆಗೂ ಬರುತ್ತದೆ. ಮತವಿಲ್ಲದ ನಮ್ಮ ಮನೆಗೂ ಬಂದಿತ್ತು. ನಾನು ಅದನ್ನು ಓದಿದ ವಿಷಯ ತೆಗೆದಾಗ ತೀರ್ಥಹಳ್ಳಿ ಕಡೆಯ ಗೆಳೆಯ ನಕ್ಕುಬಿಟ್ಟ. “ನಿನಗ್ಯಾಕೆ ಮಾರಾಯ ಆ ಉಸಾಬರಿ? ಅವ್ರು ಹಾಕ್ತಾರೆ, ನಾವು ಕೊಡ್ತೇವೆ. ಪ್ರಾತಿನಿಧ್ಯ ಇಲ್ದೆ ತೆರಿಗೆ ಇಲ್ಲ ಅಂತ ಚಹಾನ ಸಮುದ್ರಕ್ಕೆ ಸುರಿದ ದೇಶ ಇದು. ನಾವೆಲ್ಲಿ ಸುರಿಯೋಣ, ನಮ್ಮ ಫಿಲ್ಟರ್ ಕಾಫಿನ?” ಕಾರಿನಲ್ಲಿ ಎಲ್ಲರೂ ನಕ್ಕೆವು. ಅವನ ಮಾತಿನಲ್ಲಿ ಸತ್ಯವಿತ್ತು. ಪಂಪಿನ ಮುಂದೆ ನಿಂತಾಗ ಪೌರತ್ವ ಯಾವುದೆಂದು ಯಾರೂ ಕೇಳುವುದಿಲ್ಲ, ಮತಗಟ್ಟೆಯ ಮುಂದೆ ನಿಂತಾಗ ಕೇಳುತ್ತಾರೆ.

ಅಂದು ಅವನಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಒಂದು ಉತ್ತರವಿದೆ, ಅದು ಅವನ ಮಾತನ್ನು ಸುಳ್ಳು ಮಾಡುವುದಿಲ್ಲ. ಮತವಿಲ್ಲದವನ ಮೇಲೂ ಆ ತೆರಿಗೆ ನ್ಯಾಯವೇ ಆಗಬೇಕಾದರೆ, ಅದರಿಂದ ಆಗುವ ಕೆಲಸ ಅವನನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಸೇತುವೆ ಕುಸಿದರೆ ಕೆಳಗೆ ಸಿಕ್ಕಿಕೊಂಡವನ ಪಾಸ್‌ಪೋರ್ಟನ್ನು ಕಾಂಕ್ರೀಟು ನೋಡುವುದಿಲ್ಲ. ಸೇತುವೆ ಗಟ್ಟಿಯಾಗಿದ್ದರೆ ದಾಟುವವನದನ್ನೂ ನೋಡುವುದಿಲ್ಲ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವಿಗೂ ಮತವಿಲ್ಲ. ಇನ್ನು ಹುಟ್ಟದವರಿಗೂ ಇಲ್ಲ. ಎಷ್ಟು ಮಂದಿ ಮತ ಹಾಕಿದರೂ ಅವರು ಆ ರಸ್ತೆಯ ಮೇಲೆ ಓಡಾಡುವವರಲ್ಲಿ ಒಂದು ಪಾಲು ಮಾತ್ರ. ಹೀಗಿರುವಾಗ ಮತ ಹಾಕುವವನು ತನ್ನೊಬ್ಬನ ಜೇಬನ್ನು ನೋಡಿಕೊಂಡು ಹಾಕಿದರೆ, ಹೌದೆಂದರೂ ಇಲ್ಲವೆಂದರೂ, ತನ್ನದಲ್ಲದ್ದನ್ನು ತೀರ್ಮಾನಿಸಿದಂತೆ. ಎಲ್ಲರ ಪರವಾಗಿ ಕೂತ ಪಂಚನಂತೆ ಹಾಕಿದರೆ ಮಾತ್ರ ಅವನ ಬಹುಮತಕ್ಕೆ ಸೋತವನ ಮೇಲೂ ಮತವಿಲ್ಲದವನ ಮೇಲೂ ಅಧಿಕಾರ ಬರುತ್ತದೆ. ನೂರಕ್ಕೆ 55 ಎಂಬುದು ಲೆಕ್ಕ. ಆ ಲೆಕ್ಕಕ್ಕೆ ನ್ಯಾಯದ ಬಲ ಬರುವುದು ಉಳಿದ 45ನ್ನು ಮುಂದೆ ಹೇಗೆ ನಡೆಸಿಕೊಂಡರು ಎಂಬುದರಿಂದ.

ಆ ದೃಷ್ಟಿಯಿಂದ ನೋಡಿದರೆ ನಂತರ ನಡೆದದ್ದು ಮಿಶ್ರಫಲ. ಪೂರ್ವದವರನ್ನು ಪಶ್ಚಿಮಕ್ಕೆ ಸೇರಿಸುವ ಸ್ನೋಕ್ವಾಲ್ಮಿ ಘಟ್ಟದ ಹೆದ್ದಾರಿ ಅಗಲವಾಗತೊಡಗಿತು. ಚಳಿಗಾಲದ ಹಿಮಕುಸಿತಕ್ಕೆ ದಾರಿ ಮುಚ್ಚಿ ಲಾರಿಗಳು ಸಾಲುಗಟ್ಟುತ್ತಿದ್ದ ಘಟ್ಟ ಅದು. ಹಣದಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋದದ್ದು ಸರಿಯಾಯಿತು. 520ರ ಹೊಸ ತೇಲುಸೇತುವೆ 2016ರಲ್ಲಿ ತೆರೆಯಿತು, ಆದರೆ ಹಣ ಸಾಲದೆ 2011ರ ಕೊನೆಯಿಂದಲೇ ದಾಟುವವರ ಮೇಲೆ ಟೋಲ್ ಕೂತಿತ್ತು. ಮೇಲ್ಸೇತುವೆಯ ಕಥೆ ಇನ್ನೂ ಉದ್ದ. ಅದರ ಬದಲಿಗೆ ಏನು ಕಟ್ಟಬೇಕೆಂಬ ಜಗಳವೇ ವರ್ಷಗಟ್ಟಲೆ ನಡೆಯಿತು. ಕೊನೆಗೆ ಸುರಂಗವೆಂದು ತೀರ್ಮಾನವಾದ ಮೇಲೆ, ನೆಲ ಕೊರೆಯುವ ದೈತ್ಯ ಯಂತ್ರ 2013ರ ಡಿಸೆಂಬರಿನಲ್ಲಿ ನೆಲದೊಳಗೇ ಕೆಟ್ಟು ಎರಡು ವರ್ಷ ನಿಂತಿತು. ಬರ್ತಾ ಎಂಬ ಹೆಸರಿನ ಆ ಯಂತ್ರ ಊರವರ ಹಾಸ್ಯಕ್ಕೆಲ್ಲ ವಸ್ತುವಾಯಿತು. ಸುರಂಗ ತೆರೆದದ್ದು 2019ರ ಫೆಬ್ರವರಿ 4ರಂದು, ಮತದಾನವಾಗಿ ಹದಿಮೂರು ವರ್ಷ ದಾಟಿದ ಮೇಲೆ. ಅಷ್ಟು ವರ್ಷ ಆ ಹಳೆಯ ಮೇಲ್ಸೇತುವೆಯ ಮೇಲೆ ಜನ ಓಡಾಡಿದರು, ನೆಲ ನಡುಗಲಿಲ್ಲ. ಅದು ಊರಿನ ಅದೃಷ್ಟ. ಅದರ ಶ್ರೇಯಸ್ಸು ಮತದಾರರಿಗೂ ಸಲ್ಲದು, ಇಲಾಖೆಗೂ ಸಲ್ಲದು. ವೃದ್ಧಾಶ್ರಮದಲ್ಲಿ ದುಡಿಯುವ ಆ ಹೆಂಗಸಿನ ಭಾರವನ್ನು ಇಳಿಸುವ ಕೆಲಸವಂತೂ ಆ ಮತಪತ್ರದಲ್ಲಿ ಇರಲೇ ಇಲ್ಲ.

ಈಗ ಪ್ರಶ್ನೆಯ ರೂಪ ಬದಲಾಗುತ್ತಿದೆ. ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟಿನಲ್ಲೇ ನಿಂತಿದೆ. ವಾಷಿಂಗ್ಟನ್ ರಾಜ್ಯ 2015ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಏರಿಸಿ 55.4 ಸೆಂಟಿಗೆ ತಂದಿತು. ಇತ್ತ ಕಂಪನಿಗಳ ಪಾರ್ಕಿಂಗ್ ಕಟ್ಟಡಗಳಲ್ಲಿ ವಿದ್ಯುತ್ ಕಾರುಗಳು ಸಾಲಾಗಿ ನಿಂತಿವೆ. ಅವು ರಸ್ತೆಯನ್ನು ಸವೆಸುತ್ತವೆ, ಪೆಟ್ರೋಲ್ ಕುಡಿಯುವುದಿಲ್ಲ. ಅವುಗಳ ಮೇಲೆ ವರ್ಷಕ್ಕೊಂದು ಶುಲ್ಕವಿದೆ. ಮೈಲಿಗಿಷ್ಟು ಎಂದು ವಸೂಲು ಮಾಡುವ ಪ್ರಯೋಗವನ್ನೂ ಎರಡು ಸಾವಿರದಷ್ಟು ಚಾಲಕರ ಜೊತೆ ಮಾಡಿ ನೋಡಿದ್ದಾರೆ. ಹೊಸ ಕಾರು ಕೊಳ್ಳಬಲ್ಲವನು ಪಂಪಿನಿಂದ ತಪ್ಪಿಸಿಕೊಂಡಷ್ಟೂ ಹಳೆಯ ಕಾರಿನವರ ಮೇಲೆ ಭಾರ ಬೀಳುತ್ತದೆ. ಬಳಸಿದವನು ಕೊಡಲಿ ಎಂಬ ನೂರು ವರ್ಷದ ಹಿಂದಿನ ನ್ಯಾಯ ಹೀಗೆ ತನ್ನ ಕಾಲ ಮೇಲೆ ತಾನೇ ನಿಲ್ಲಲಾರದೆ ತತ್ತರಿಸುತ್ತಿದೆ.

ನನಗೂ ಈಗ ಅಂಚೆಯಲ್ಲಿ ಮತಪತ್ರ ಬರುತ್ತದೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಪುಸ್ತಿಕೆಯ ಎರಡೂ ವಾದ ಓದಿ, ಚೌಕದಲ್ಲಿ ಗುರುತು ಹಾಕುತ್ತೇನೆ. ರಸ್ತೆಯ ಹಣದ ಪ್ರಶ್ನೆ ಬಂದಾಗಲೆಲ್ಲ ಮೂರು ವಿಷಯ ನೋಡುತ್ತೇನೆ: ಕೆಲಸದ ಪಟ್ಟಿ ಮುಂದಿಟ್ಟಿದ್ದಾರೆಯೇ, ಲೆಕ್ಕ ಕೇಳುವ ದಾರಿಯಿದೆಯೇ, ಹೆಚ್ಚು ಹೊರುವವರು ಯಾರು. ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ಅದರ ಉತ್ತರ ಪುಸ್ತಿಕೆಯಲ್ಲಿ ಇರುವುದು ಅಪರೂಪ. ಕಾರ್‌ಪೂಲಿನ ಆ ಗೆಳೆಯ ಊರಿಗೆ ಮರಳಿ ಬಹಳ ವರ್ಷಗಳಾದವು. ಇಲ್ಲಿದ್ದಷ್ಟು ದಿನ ಅವನು ತೆತ್ತ ಸೆಂಟುಗಳು ಯಾವ ಸೇತುವೆಯ ಯಾವ ಕಂಬದಲ್ಲಿವೆಯೋ ಯಾರಿಗೂ ತಿಳಿಯದು. ಅವನು ಕೇಳದೆ ಕೊಟ್ಟದ್ದರ ಮೇಲೆ ನಾನು ದಿನವೂ ಓಡಾಡುತ್ತೇನೆ.